ಕೈಯಾಗ ಒಂದು

ಕೌಲ್ ಬಜಾರಿನ ನಮ್ಮ ಶಾಲೆಗೆ
ಒಂದು ಮಣಿಕಟ್ಟು ಬಂದಿತ್ತು ಹಿಂದೆ ಯಾವಾಗಲೋ.
ಎರಡು ಸಾಲು ಮಣಿ ಯಾರ ಕೊರಳಿಗೆ ಹೋದವೋ ಗೊತ್ತಿಲ್ಲ.
ಇನ್ನೊಂದು ಬೇಕೆಂದು ಮೇಲಿನವರಿಗೆ ಬರೆದೆ.
ಬರುತ್ತದೆ ಎಂದರು.
ಬಂದದ್ದು ಗುಂಡಿ.

ಹೊನ್ನೂರಬಿ ತಂದಳು, ಕರ್ಚೀಫಿನ ಗಂಟಿನಲ್ಲಿ,
ಜೀನ್ಸಿನ ಹಿತ್ತಾಳೆ ಗುಂಡಿ. ಕಾಲು ಸೊಟ್ಟಗಾದವು,
ಮಿಷನ್ನು ಉಗುಳಿದವು,
ಪ್ಯಾಂಟಿಗೆ ಆಗದೆ ಎಣಿಕೆಗೆ ಒದಗುವವು.
ಮೂರನೆಯ ತರಗತಿ, ಮೂವತ್ತೆಂಟು ಮಕ್ಕಳು.
ಬೆರಳ ಸಂದಿಯ ನೀಲಿ ತೊಳೆದರೂ ಹೋಗದು,
ನನ್ನ ಸೀಮೆಸುಣ್ಣಕ್ಕೂ ಹತ್ತಿದೆ.

"ಹತ್ತಾದ್ವೇನು? ದಾರ ಕಟ್ರಿ" ಅಂದೆ.
ದಾರಕ್ಕೇನು ಬರ ಈ ಓಣಿಯಲ್ಲಿ?
ಅಂಗಿಗೆ, ಜಡೆಗೆ, ಬುತ್ತಿಯ ಡಬ್ಬಿಗೆ,
ಒಬ್ಬನ ರೆಪ್ಪೆಗೂ ಅಂಟಿಕೊಂಡು ಬರುತ್ತದೆ.
ಹತ್ತು ಗುಂಡಿಗೆ ಒಂದು ಸರ.
ಸರದ ಹೆಸರು ದಶಕ.
ಬಿಡಿಯಾಗಿ ಉಳಿದವು ಬಿಡಿ.

ಏಳಕ್ಕೆ ಆರು ಕೂಡಿಸು. ಹದಿಮೂರು.
ಮೂರು ಕೆಳಗೆ ಬರಿ.
ಒಂದೆಲ್ಲಿ?
"ಕೈಯಾಗ ಐತ್ರೀ ಟೀಚರ್!"
ಮೂವತ್ತೆಂಟು ಮುಷ್ಟಿ ಮೇಲೆದ್ದವು,
ಬಸ್ಸಿಗೆಂದು ಕೊಟ್ಟ ಚಿಲ್ಲರೆಯನ್ನು ಹಿಡಿದ ಹಾಗೆ.
ನಾನು ಕಲಿಯುವಾಗ ಅದು ಬರೀ ಮಾತು,
ಪಾಟಿಯ ಮೂಲೆಯಲ್ಲಿ ಸಣ್ಣಗೆ ಬರೆದು
ಮೇಷ್ಟ್ರು ನೋಡುವ ಮೊದಲೇ
ಉಗುಳು ಹಚ್ಚಿ ಒರೆಸುತ್ತಿದ್ದ ಒಂದು ಗೀಟು.

ಶನಿವಾರ ಬಟವಾಡೆ.
ಹೊನ್ನೂರಬಿಯ ತಾಯಿ ರಮಿಜಾಬಿ
ಹೊಲಿದ ಪ್ಯಾಂಟಿನ ದಾರ ಕತ್ತರಿಸುವವಳು,
ಒಂದಕ್ಕೆ ಒಂದೂವರೆ ರೂಪಾಯಿ.
ಗುರುವಾರ ಎಂಬತ್ತೇಳು, ಶುಕ್ರವಾರ ಅರವತ್ತಾರು.
ಮೇಸ್ತ್ರಿ ತಿಪ್ಪೇರುದ್ರ ಕಿವಿಯ ಮೇಲಿನ ಪೆನ್ಸಿಲ್ ತೆಗೆದು
"ನೂರಾ ನಲವತ್ಮೂರು" ಎಂದ.

ಮಗಳು ಪುಸ್ತಕಕ್ಕೆ ತಲೆ ತೂರಿಸಿ
"ಮಾಮಾ, ನಿಮ್ಮ ಕೈ ಬಿಚ್ರಿ" ಅಂದಳಂತೆ.
ಬಿಚ್ಚಿದ, ಹುಬ್ಬೇರಿಸಿ. ಖಾಲಿ.
"ನಿಮ್ಮ ಒಂದು ಎಲ್ಲೋ ಬಿದ್ದೈತಿ ನೋಡ್ರಿ,
ನನ್ನದು ಇಲ್ಲೈತಿ"
ಎಂದು ತೋರಿಸಿದಳಂತೆ, ಅಂಗೈಯಲ್ಲಿ ಬೆವೆತ
ಸೊಟ್ಟ ಕಾಲಿನ ಗುಂಡಿ.

ಸೋಮವಾರ ಗೇಟಿನ ಹತ್ತಿರ ರಮಿಜಾಬಿಯೇ ಹೇಳಿದಳು:
ಕೆಟ್ಟವನಲ್ಲ ಅವನು, ಎರಡು ಸಲ ಕೂಡಿಸಿದ,
ಮೂರನೆಯ ಸಲ ಮೊಬೈಲಿಗೆ ಕೇಳಿದ.
ಅಷ್ಟು ಹೊತ್ತೂ ಮಿಷನ್ನುಗಳು ನಿಂತಿದ್ದವು.
ಕರೆಂಟೇನೂ ಹೋಗಿರಲಿಲ್ಲ.
"ಹತ್ತು ಪ್ಯಾಂಟು. ಹತ್ತೊಂದೂವರಿ ಹದಿನೈದು,
ಕೊಟ್ಟ."
ಒಂದೂವರೆಯ ಮಗ್ಗಿ ಅವಳ ಬಾಯಲ್ಲಿ ಸರಾಗ;
ನಾನು ಕಲಿಸುವ ಪುಸ್ತಕದಲ್ಲಿ ಅದಿಲ್ಲ.
ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು.
ಶಾಯಿಗೆ ಮೊದಲೇ ನೀಲಿಯಾಗಿತ್ತು.

ಹೋಗುತ್ತ ಹೋಗುತ್ತ ತಿರುಗಿ
"ಹೋದ ವರ್ಷದಿಂದ ಎಷ್ಟು ಒಂದು ಬಿದ್ದಾವೋ ಟೀಚರ್,
ಆ ಲೆಕ್ಕ ಯಾವ ಕ್ಲಾಸಿನಾಗ ಬರ್ತೈತಿ?" ಅಂದಳು.
ಗಂಟೆ ಹೊಡೆಯಿತು. ನನಗೆ ಅದೊಂದು ನೆವವಾಯಿತು.

ಒಳಗೆ ಬಂದರೆ ಗಾದಿಲಿಂಗನ ಪಾಟಿ ಮೇಜಿನ ಮೇಲೆ.
ಎಷ್ಟು ಸರ ಕಟ್ಟಿಸಿದರೂ ಅವನಿಗೆ
ಎಂಬತ್ತೇಳು ಮತ್ತು ಅರವತ್ತಾರು
ಸಾವಿರದ ನಾನೂರ ಹದಿಮೂರು.
ಕೈಯಲ್ಲಿ ಏನೂ ಇಟ್ಟುಕೊಳ್ಳುವವನಲ್ಲ ಅವನು,
ಬಂದದ್ದನ್ನೆಲ್ಲ ಬರೆದುಬಿಡುತ್ತಾನೆ.
ಅವನ ತಾಯಿಯೂ ಅಲ್ಲೇ ಕೆಲಸ,
ಜೇಬು ಹೊಲಿಯುವುದು.
ಕೆಂಪು ಪೆನ್ನು ತೆಗೆದೆ,
ಮುಚ್ಚಳ ಹಾಕಿದೆ.
"ಬಾರೋ ಇಲ್ಲಿ, ಮುಷ್ಟಿ ಹಿಡಿ."