ದೋಣಿ ಎತ್ತುವ ಶನಿವಾರ

ಹೌಕಿಯಾರ್ವಿ ದೋಣಿ ಸಂಘದ ಸದಸ್ಯರಿಗೆ:
ಕ್ರೇನು ಬರುವುದು ಶನಿವಾರ, ಬೆಳಿಗ್ಗೆ ಎಂಟಕ್ಕೆ.
ಬಾಡಿಗೆ ಗಂಟೆಗಿಷ್ಟು ಎಂದು, ಹಾಗಾಗಿ
ದೋಣಿಯೊಳಗಿನ ನೀರು ಹಿಂದಿನ ದಿನವೇ ಮೊಗೆದಿರಲಿ.
ಹಗ್ಗ, ಪಟ್ಟಿ, ಕೈಗವಸು ನಿಮ್ಮನಿಮ್ಮವು.
ಕಾಫಿ ಮಾತ್ರ ಸಂಘದ್ದು.

ಮೂವತ್ತೊಂದು ವರ್ಷ ಇದನ್ನು ಬರೆದವರು ತೌನೊ.
ಈ ಸಲ ನಾನು, ಕೆರ್ತು, ಹಳದಿ ಮನೆಯವಳು.
ಅವರದು ಎರಡೇ ಸಾಲು:
ನೀರು ಇಷ್ಟು, ಗಾಳಿ ಇಂಥದು.
ಅಷ್ಟಕ್ಕೆ ನಿಲ್ಲಿಸಲು ನನಗೆ ಬಾರದು.

ನೀರು ಕಳೆದ ವರ್ಷಕ್ಕಿಂತ ಒಂದು ಗೇಣು ಕಡಿಮೆ.
ಮೂರನೇ ಧಕ್ಕೆಯ ಕಂಬಗಳು
ಲಂಗ ನೆನೆಯದಂತೆ ಎತ್ತಿ ಹಿಡಿದ ಅಜ್ಜಿಯರ ಹಾಗೆ
ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತಿವೆ.
ಅಲ್ಲಿ ಸಿಕ್ಕಿದ್ದು ಎರಡು ಕನ್ನಡಕ, ಒಂದು ಬಕೆಟ್ಟು,
ಯಾರದೋ ಎಡಗಾಲಿನ ಬೂಟು.
ಎಸ್ಕೊನ ಮದುವೆಯುಂಗುರ ಸಿಕ್ಕಿಲ್ಲ.
ಅವನು ಇನ್ನೂ ಹುಡುಕುತ್ತಿದ್ದಾನೆ,
ಹೆಂಡತಿ ಹುಡುಕುವುದನ್ನು ಬಿಟ್ಟಿದ್ದಾಳೆ.

ಸೌನಾದ ಕೀಲಿ ಜೂನ್ ಹಬ್ಬದ ರಾತ್ರಿಯಿಂದ ಕಾಣೆ.
ಯಾರೆಂದು ಕೇಳುವುದಿಲ್ಲ. ಮೊಳೆ ಅಲ್ಲೇ ಇದೆ.
ಕತ್ತಲಾದ ಮೇಲೆ ಬಂದು ತೂಗುಹಾಕಿ ಹೋಗಿ;
ಈಗ ಕತ್ತಲು ಬೇಗ ಆಗುತ್ತದೆ.

ಹುಟ್ಟು ಕಳೆದುಕೊಂಡವರು ಇಬ್ಬರು.
ಹುಟ್ಟು ಒಂದು: ಸೈಯಾಳಿಗೆ ಮಗಳು, ನಾಲ್ಕು ಕಿಲೋಗೆ ತುಸು ಕಡಿಮೆ,
ಹೆಸರಿಗಿಂತ ಮೊದಲು ಜೀವರಕ್ಷಕ ಅಂಗಿ ಬಂದಿದೆ.
ಸಾವು ಒಂದು: ಹಿಲ್ಕಾ.
ಹಸಿರು ದೋಣಿ, ಹನ್ನೊಂದನೇ ಕಂಬ.
ಏಲಕ್ಕಿ ಬನ್ನು ಈ ಸಲ ಯಾರು ಸುಡುತ್ತೀರಿ?
ಅಳತೆ ಯಾರಲ್ಲೂ ಇಲ್ಲ. ಏಲಕ್ಕಿ ಎಷ್ಟು ಎಂದರೆ
'ಬೆರಳು ಸಾಕೆನ್ನುವಷ್ಟು' ಎನ್ನುತ್ತಿದ್ದರು.
ನನ್ನ ಬೆರಳಿಗೆ ಏನೂ ಅನ್ನಿಸುವುದಿಲ್ಲ,
ಮೂರು ಸಲ ಸುಟ್ಟು ನೋಡಿದೆ.

ಆಗಸ್ಟಿನ ಪಂದ್ಯಕ್ಕೆ ಇಳಿದದ್ದು ನಾಲ್ಕು ದೋಣಿ.
ತೌನೊ ನಾಲ್ಕನೆಯವರು.
ಅವರ ಕಣ್ಣಿನ ನಡುವೆ ಈಗ ಮಂಜು, ಅಂಚಿನಲ್ಲಿ ಮಾತ್ರ ಬೆಳಕು;
ಕಾರು ಓಡಿಸಬೇಡಿ ಎಂದರು ವೈದ್ಯರು,
ದೋಣಿಯ ಮಾತು ಅವರು ಎತ್ತಲಿಲ್ಲ, ಇವರು ಕೇಳಲಿಲ್ಲ.
ಮುಂದುಗಡೆ ಕೂತಿದ್ದಳು ವೆನ್ಲಾ, ಹನ್ನೆರಡು ವಯಸ್ಸು.
'ಕೆಂಪು ಬುರುಡೆ ಬಂತು. ಎಡಕ್ಕೆ. ಇನ್ನೂ. ಸಾಕು.'
ಗಾಳಿಯನ್ನು ಮಾತ್ರ ಅವಳು ಹೇಳಬೇಕಿರಲಿಲ್ಲ.
ಅದು ಅವರ ಕುತ್ತಿಗೆಗೆ ಗೊತ್ತು.

ಒಬ್ಬರ ಪಂದ್ಯದಲ್ಲಿ ಇಬ್ಬರೇಕೆ, ನಿಯಮ ಹದಿನೇಳು,
ಎಂದು ರಾಕೆಲ್ ದೂರು ಕೊಟ್ಟರು.
(ರಾಕೆಲ್ ಮೂರನೆಯವರು. ದಾಖಲೆಗೆ ಇರಲಿ.)
ಸಮಿತಿ ಎರಡು ಗಂಟೆ ಕೂತಿತು, ಎರಡು ಹೂಜಿ ಕಾಫಿ ಖಾಲಿಯಾಯಿತು,
ಕೊನೆಗೆ ವೆನ್ಲಾಳನ್ನು ದೋಣಿಯ ಸಲಕರಣೆ ಎಂದು ಪರಿಗಣಿಸಲಾಯಿತು.
ಅವಳು ಅದನ್ನು ಲಿಖಿತವಾಗಿ ಕೇಳಿ ಪಡೆದು
ಕೋಣೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ.

ಇಷ್ಟು ಬರೆದು ನಿನ್ನೆ ಸಂಜೆ
ತೌನೊ ಮನೆಗೆ ಹೋಗಿ ಓದಿ ಹೇಳಿದೆ.
ಅಡುಗೆಮನೆಯ ದೀಪ ಹಾಕುವುದು ಅವರಿಗೆ ನೆನಪಾಗಲಿಲ್ಲ,
ನಾನೂ ಹಾಕಲಿಲ್ಲ, ಓದುವಷ್ಟು ಬೆಳಕು ಕಿಟಕಿಯಲ್ಲಿತ್ತು.
ಉಂಗುರಕ್ಕೆ ನಕ್ಕರು. ಕೀಲಿಗೆ ಕೆಮ್ಮಿದರು.
ಹಿಲ್ಕಾಳ ಸಾಲನ್ನು ಇನ್ನೊಮ್ಮೆ ಓದು ಎಂದರು.
ಓದಿದೆ.
ಒಲೆಯಲ್ಲಿ ಒಂದು ಕೊರಡು ಕುಸಿದು ಕೂತಿತು.

ಎಲ್ಲ ಇದೆ, ಗಾಳಿ ಇಲ್ಲ, ಎಂದರು ಆಮೇಲೆ.
ಎದ್ದು, ತಡವಿ, ಕಿಟಕಿಯ ಚಿಲಕ ತೆಗೆದು
ಮುಖ ಹೊರಗಿಟ್ಟು
ಬಹಳ ಹೊತ್ತು ನಿಂತರು,
ಯಾರೋ ಅಲ್ಲಿಂದ ನಿಧಾನವಾಗಿ ಹೇಳುತ್ತಿರುವಂತೆ.
ಬರೆದುಕೋ:

ಗಾಳಿ ವಾಯವ್ಯದಿಂದ, ಸಾಧಾರಣ.
ಹಿಮದ ವಾಸನೆ ಇದೆ,
ಶನಿವಾರದೊಳಗೆ ಬೀಳುವುದಿಲ್ಲ.

ತಿದ್ದುಪಡಿ: ಸೌನಾದ ಕೀಲಿಯ ಸಾಲುಗಳನ್ನು
ದಯವಿಟ್ಟು ಹೊಡೆದುಹಾಕಿಕೊಂಡು ಓದಿ.
ಮನೆಗೆ ಬಂದು ನೋಡಿದರೆ
ಕೋಟಿನ ಜೇಬಿನಲ್ಲಿ ತಣ್ಣಗೆ ಏನೋ ಭಾರ.
ಕೇಳುವುದಿಲ್ಲ ಎಂದಿದ್ದೆ, ಕೇಳುವುದಿಲ್ಲ.
ಹನ್ನೊಂದನೇ ಕಂಬದ ದೋಣಿಗೆ ನಾಲ್ಕು ಜೊತೆ ಕೈ ಬೇಕು.
ಕೈಗವಸು ಮರೆಯಬೇಡಿ.