ಉಬ್ಬು, ತಗ್ಗು

ಮಂಗಳವಾರ ಸಂಜೆ, ಬೆಂಡಿಗೊ. ಟ್ರಾಮ್ ತಿರುವಿನಾಚೆ
ಬೀಗದಂಗಡಿಯ ಹಿಂದಿನ ಕೋಣೆ.
ಹಸಿರು ಬಟ್ಟೆಯ ಮೇಜು, ಕತ್ತು ಬಗ್ಗುವ ದೀಪ,
ಗ್ರಾಮಿನ ನೂರನೇ ಪಾಲಿಗೂ ದಾಕ್ಷಿಣ್ಯ ತೋರದ ತಕ್ಕಡಿ.
ಡೆಸ್ಮಂಡ್ ಟ್ರೆಲೋರ್ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸುತ್ತಾರೆ,
ಇನ್ನೊಂದನ್ನು ಮುಚ್ಚುವುದಿಲ್ಲ.
ಮುಚ್ಚಿದರೆ ಮುಖ ಗಂಟಿಕ್ಕುತ್ತದೆ,
ಬಂದವರು ಹೆದರುತ್ತಾರೆ ಅಂತ.

ನಾನು ಲೆಕ್ಕ ಬರೆಯುವವಳು. ಎರಡೇ ಕಾಲಂ:
ಅಚ್ಚಿನದು. ಆಮೇಲಿನದು.

ಮೊದಲ ದಿನ ಕಲಿಸಿದ್ದು ಇಷ್ಟು:
ದೀಪ ಓರೆ ಮಾಡು, ಗೆರೆಯ ನೆರಳು ನೋಡು.
ಉಬ್ಬಿದ್ದರೆ ಟಂಕಸಾಲೆಯದು. ಅಚ್ಚು ಬಿರುಕು ಬಿಟ್ಟಿತ್ತು,
ಏಟು ಬಿದ್ದಾಗ ಲೋಹ ಆ ಬಿರುಕಿಗೆ ನುಗ್ಗಿ ಏರಿ ನಿಂತಿತು.
ತಗ್ಗಿದ್ದರೆ ಯಾರದೋ ಬೀಗದ ಕೈ, ಯಾರದೋ ಜೇಬು.
ಅಚ್ಚಿನ ಗಾಯ ನಾಣ್ಯಕ್ಕೆ ದಿಣ್ಣೆ.
ನಾಣ್ಯದ ಗಾಯ ಬರೀ ಗಾಯ.
(ಅಚ್ಚಿಗೆ ಜಿಡ್ಡು ಮೆತ್ತಿದರೆ ಅಕ್ಷರವೇ ಮೂಡದು.
ಅದು ಮುಂದಿನ ಪಾಠ, ಅವಸರ ಬೇಡ.)

ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಮ್ಮ ಕಡೆ ಮಾತು.
ಇಲ್ಲಿ ಸುಟ್ಟದ್ದನ್ನೇ ಹುಟ್ಟಿದ್ದು ಅಂತ ತರುತ್ತಾರೆ:
ಆಸಿಡ್ಡಿನಲ್ಲಿ ತೆಳ್ಳಗಾದದ್ದು, ಇಕ್ಕಳದಲ್ಲಿ ನುಲುಚಿದ್ದು.
ಒಬ್ಬ ಹುಡುಗ ಟ್ರಾಮ್ ಹಳಿಯ ಮೇಲಿಟ್ಟು ತಂದ
ಇಪ್ಪತ್ತು ಸೆಂಟಿನ ಪ್ಲ್ಯಾಟಿಪಸ್ ಹಾವಿನಷ್ಟು ಉದ್ದವಾಗಿತ್ತು.
ಅವನೂ ನಕ್ಕ.

ಗ್ರೇಮ್ ಪಾಸ್ಕೊ ನಗಲಿಲ್ಲ.
ಅವರ ಹತ್ತು ಸೆಂಟಿಗೆ ಅಂಚಿನಲ್ಲಿ ಅರ್ಧಚಂದ್ರದ ಕಡಿತ,
ಲೈರ್‌ಬರ್ಡಿನ ಬಾಲ ಮುಕ್ಕು.
ಡೆಸ್ಮಂಡ್ ನನಗೆ ಕೊಟ್ಟರು: ನೀನೇ ಹೇಳು.
ಕಚ್ಚಿದ ಕಡೆ ನೋಡಬೇಡ, ಎದುರು ಕಡೆ ನೋಡು.
ಬಿಲ್ಲೆ ಹುಟ್ಟಾ ಮುಕ್ಕಾಗಿದ್ದರೆ, ಅಂಚು ಎಬ್ಬಿಸುವ ಯಂತ್ರಕ್ಕೆ
ಈ ಕಡೆ ಆಸರೆ ತಪ್ಪಿ, ಆ ಕಡೆಯೂ ಅಂಚು ಮಂಕಾಗಿರಬೇಕು.
ಆ ಕಡೆ ಅಂಚು ಎದೆ ಸೆಟೆಸಿ ನಿಂತಿತ್ತು.
ಅರ, ಅಂದೆ. ಯಾರೋ ಅರ ಹಾಕಿದ್ದಾರೆ.
ಪಾಸ್ಕೊ ಕೋಟು ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಕೊನೆಗೆ ಬಂದವಳು ನಾವ್ ಪಾವ್ ವಾ,
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ.
ಕರವಸ್ತ್ರ ಬಿಚ್ಚಿದರೆ ಒಂದು ಡಾಲರ್,
ಅಂಚು ಸುತ್ತಲೂ ಎದ್ದು ಒಳಕ್ಕೆ ಮಡಚಿ
ಐದು ಕಾಂಗರೂಗಳು ಪಾಗಾರದೊಳಗೆ ಸಿಕ್ಕಿಬಿದ್ದ ಹಾಗೆ,
ನಡುವೆ ಮಾತ್ರ ಹೊಸ ಹೊಳಪು.
ಇಂಥದ್ದು ಸಾವಿರಕ್ಕೆ ಹೋಗುತ್ತದಂತೆ, ಅಂದಳು.
ಹೌದಾ, ಅಂತ ಕೇಳಲಿಲ್ಲ.

ತಕ್ಕಡಿ: ಎಂಟು ಪಾಯಿಂಟ್ ಒಂಬತ್ತು ಏಳು.
ಏನೂ ಕಳೆದುಕೊಂಡಿಲ್ಲ ಅನ್ನಬಹುದು, ಡೆಸ್ಮಂಡ್ ಅಂದರು.
ಎಲ್ಲಿ ಸಿಕ್ಕಿತು?
ಮೂರನೇ ಡ್ರೈಯರಿನಲ್ಲಿ. ಡ್ರಮ್ಮಿನ ಸಂದಿಯಲ್ಲಿ.
ಅವರು ಭೂತಗನ್ನಡಿ ಕೆಳಗಿಟ್ಟರು.
ಹಾಗಾದರೆ ಟಂಕಸಾಲೆಯದಲ್ಲಮ್ಮ, ಡ್ರೈಯರಿನದೇ.
ಸುತ್ತು ಸುತ್ತಿಗೂ ಒಂದು ಸಣ್ಣ ಪೆಟ್ಟು.
ಬೆಲೆ ಒಂದು ಡಾಲರ್.

ಎಷ್ಟು ದಿನ ಸುತ್ತಿರಬಹುದು?
ತಿಂಗಳುಗಟ್ಟಲೆ. ವರ್ಷವೂ ಇರಬಹುದು.
ಅವಳು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ,
ನನಗಿಂತ ಹೆಚ್ಚು ಪಾಳಿ ಮಾಡಿದೆ, ಅಂದಳು.
ಚಹಾ ಕುಡಿದಳು. ಚಹಾಕ್ಕೆ ಒಂದು ಡಾಲರ್.
ಡಬ್ಬಿಗೆ ಅದನ್ನೇ ಹಾಕಿದಳು.
ಟಣ್ ಅನ್ನಲಿಲ್ಲ, ಠಪ್ ಅಂತು.

ನಾನು ಪೆನ್ನು ಹಿಡಿದು ಕೂತಿದ್ದೆ.
ಡೆಸ್ಮಂಡ್ ದೀಪ ಆರಿಸುತ್ತಾ, ಏನು ಯೋಚನೆ,
ಕಾಲಂ ತುಂಬು, ಅಂದರು.
ತುಂಬಿದೆ. ಆಮೇಲಿನದು.

ಕೋಣೆಗೆ ಬೀಗ ಹಾಕುವ ಮುಂಚೆ ಡಬ್ಬಿ ತೆರೆದೆ.
ಒಂದು ತೆಗೆದುಕೊಂಡೆ, ಒಂದು ಹಾಕಿದೆ:
ಅಂಚು ನೇರ, ಗೆರೆಯಿಲ್ಲ,
ಯಾರೂ ಎರಡನೇ ಸಲ ನೋಡದಂಥ ಡಾಲರ್.
ಲೆಕ್ಕ ಸರಿಹೋಯಿತು.