ಮೊಳಕೈ

ಕಾಲೇಜಿನ ಹಾಲಿನಾಗ ಬ್ಯಾನರ್ ಕಟ್ಟ್ಯಾರ:
ಸಾರ್ವಜನಿಕ ಸಂಪರ್ಕದ ಇತಿಹಾಸ, ಎರಡು ದಿನದ ವಿಚಾರ ಸಂಕಿರಣ.
ಏಪ್ರಿಲ್ ತಿಂಗಳ ಕಲಬುರಗಿ. ಫ್ಯಾನು ತಿರುಗತಾವ,
ಗಾಳಿ ಮಾತ್ರ ಹೊರಗ ಬೇವಿನ ಬುಡಕ ಕುಂತದ.
ಸ್ವಾಗತ ಮಾಡುವವರು ಮೈಕಿಗೆ ಉಫ್ ಉಫ್ ಅಂತ ಊದಿದರು.
ಊದಬಾರದರಿ. ಉಗುರಿಂದ ಒಂದೇ ಸಲ ತಟ್ಟಬೇಕು,
ನಿದ್ದಿಗಣ್ಣಿನ ಕೂಸಿನ ಗಲ್ಲ ತಟ್ಟಿದಂಗ.
ನಾ ಹೇಳಲಿಲ್ಲ. ಕಡೀ ಸಾಲಿನಾಗ ಕುಂತಿದ್ದೆ,
ಕೊರಳಾಗ ಟ್ಯಾಗು, ಟ್ಯಾಗಿನ ಮ್ಯಾಲ ಹೆಸರಿಲ್ಲ,
ಬರಿಯೋ ಪೆನ್ನು ಮುಗದಿತ್ತಂತ.

ಮೊದಲನೇ ಪ್ರಬಂಧ ಸನ್ನತಿಯ ಕಲ್ಲಿಂದ ಸುರುವಾಯಿತು.
ಅರಸ ಊರೂರಿಗೆ ಹೇಳಿಕಳಿಸಿದ ಮಾತು,
ಮುಂದ ಯಾವದೋ ಕಾಲಕ್ಕ ಯಾರೋ ಅದರ ನಡುವ ತೂತು ಕೊರದು
ದೇವಿ ಮೂರ್ತಿ ನಿಲ್ಲಿಸಿದ್ದರಂತ.
ದಿಲ್ಲಿ ಪ್ರೊಫೆಸರರು ನಕ್ಕರು.
ತೂತಿನಾಗ ಹೋದ ಅಕ್ಷರ ಯಾವವು ಅಂತ
ಚಾ ಕುಡಿಯೋತನಕ ನನಗ ಅದೇ ಹತ್ತಿತ್ತು.

ಆಮ್ಯಾಲ ನಿಜಾಮನ ಕಾಲದ ದವಂಡಿ. ಹಲಗಿ ಬಡದವರಿಗೆ
ವರ್ಷಕ್ಕ ಎಷ್ಟು ಜೋಳ, ಅದರದೊಂದು ಕೋಷ್ಟಕ.

ಊಟಕ್ಕ ಇನ್ನೂ ಅರ್ಧ ತಾಸು ಇದ್ದಾಗ
ಶಶಿರೇಖಾ ಬಿರಾದಾರ ಎದ್ದಳು. ಹುಡುಗಿ ಛಲೋ ಓದ್ಯಾಳ,
ವಾರ್ತಾ ಇಲಾಖೆ ಗೋಡಾನಿನಾಗ
ಗೆದ್ದಲು ತಿಂದು ಬಿಟ್ಟ ಕಡತ ಎಲ್ಲಾ ತಿರವ್ಯಾಳ.
ಪರದೆ ಮ್ಯಾಲ ಒಂದು ಫೋಟೋ: ಇಲಾಖೆ ಜೀಪು,
ತಲಿ ಮ್ಯಾಲ ಉಮ್ಮತ್ತಿ ಹೂವಿನಂಥ ಎರಡು ಹಾರ್ನು,
ಎಡಗಡಿಯಿಂದ ಹೊರಗ ಬಂದ ಒಂದು ಮೊಳಕೈ.
ಕೆಳಗ ಬರದಿತ್ತು:
ಅಪರಿಚಿತ ಉದ್ಘೋಷಕ, ಸುಮಾರು ಎಪ್ಪತ್ತರ ದಶಕ.

ಮೊಳಕೈಗೆ ಸುಟ್ಟ ಕಲೆ ಅದ.
ನಾ ಅಂಗಿ ತೋಳು ಇಳಿಸಿಕೊಂಡೆ.

ಜೇವರ್ಗಿ, ಸೇಡಂ, ಚಿಂಚೋಳಿ, ಎಷ್ಟು ಧೂಳ ಕುಡದೀನಿ.
ಜನಗಣತಿ ಬಂತು, ಸಣ್ಣ ಉಳಿತಾಯ ಮಾಡ್ರಿ,
ಕುಷ್ಠರೋಗ ವಾಸಿ ಆಗತದ, ಖರೇನ ಆಗತದ.
ಆ ಫೋಟೋದ ಸಂಜಿ ಮಾತ್ರ ಬ್ಯಾರೆ. ಊರಿನ ಹೆಸರು ಹೇಳಂಗಿಲ್ಲ.
ವಾಂತಿಭೇದಿ, ಒಂದೇ ವಾರಕ್ಕ ಏಳು ಮಂದಿ.
ನನ್ನ ಕೈಗೆ ಕೊಟ್ಟ ಚೀಟಿ ಹಸಿರು ಶಾಯಿದು:
ಊರಾಗ ಯಾವ ಬ್ಯಾನಿನೂ ಇಲ್ಲ. ಗಾಳಿಸುದ್ದಿ ನಂಬಬ್ಯಾಡ್ರಿ.
ಬಾವಿ ನೀರು ಶುದ್ಧ ಅದ.
ಎರಡೆರಡು ಸಲ ಓದಿದೆ, ನಡುವ ಜರಾ ತಡದು.
ಹಂಗ ಓದಿದರ ಮಂದಿ ನಂಬತಾರ, ಅದು ನಾನೇ ಕಂಡುಹಿಡದದ್ದು.

ಕತ್ತಲದಾಗಿಂದ ಒಬ್ಬ ಹೆಣ್ಣುಮಗಳು ತಂಬಿಗಿ ಚಾಚಿದಳು.
‘ಹಂಗಾರ ಕುಡಿಯಪ್ಪ.’
ನಂದು ಇವತ್ತ ಒಪ್ಪತ್ತು ಅಂದೆ.
ಒಪ್ಪತ್ತಿನವರು ನೀರು ಕುಡಿಯಂಗಿಲ್ಲೇನು ಅಂತ ಆಕಿ ಕೇಳಲಿಲ್ಲ,
ತಂಬಿಗಿ ಹಿಂದಕ್ಕ ತಗೊಳ್ಳಲೂ ಇಲ್ಲ.
ಡ್ರೈವರ್ ಖಾಸಿಂಸಾಬ ನನ್ನ ಮ್ಯಾಲಿಂದ ಕೈ ಚಾಚಿ
‘ತಾ ಅವ್ವಾ, ನನಗ ನೀರಡಿಕ್ಯಾಗ್ಯಾದ’ ಅಂತ
ಗಟಗಟ ಕುಡದ. ಮೀಸಿ ಒರಸಿಕೊಂಡ.
ಮಂದಿ ಮನಿಗೆ ಹೋದರು.

ಒಂಬತ್ತು ದಿನ ಜೀಪು ಆಫೀಸಿನ ಮುಂದ ನಿಂತಿತ್ತು.
ಹತ್ತನೇ ದಿನ ಬ್ಯಾರೆ ಡ್ರೈವರ್ ಬಂದ.

ಸಂದೇಶ, ಸ್ವೀಕಾರ, ವಿಶ್ವಾಸ, ಇಷ್ಟು ಹೇಳಿ ಹುಡುಗಿ ಮುಗಿಸಿದಳು.
ಪ್ರಶ್ನೆ ಇದ್ರ ಕೇಳ್ರಿ, ಎರಡೇ ನಿಮಿಷ ಅಂದರು ಅಧ್ಯಕ್ಷರು.
ಯಾವಾಗ ಎತ್ತಿದ್ದೆನೋ, ನನ್ನ ಕೈ ಮ್ಯಾಲ ಇತ್ತು.
ವಾಯರ್ ಇಲ್ಲದ ಮೈಕ್ ಬಂತು. ಎಷ್ಟು ಹಗುರ ಅದು,
ಒಳಗ ಏನೂ ಇಲ್ಲೇನೋ ಅನ್ನೂವಷ್ಟು.
ಉಗುರಿಂದ ಒಮ್ಮೆ ತಟ್ಟಿದೆ.
‘ಬಾಯಾರ, ಆ ಮೊಳಕೈ ಯಾರದೋ ಇರಲಿ.
ಜೀಪಿನೊಳಗ ನೆಳ್ಳಾಗ ಇನ್ನೊಬ್ಬ ಇದ್ದಾನ, ಕಾಣಂಗಿಲ್ಲ.
ಅವನ ಹೆಸರು ಖಾಸಿಂಸಾಬ.’
ಜರಾ ತಡದೆ.
‘ಅವನ ಹೆಸರು ಖಾಸಿಂಸಾಬ.’

ಆಕಿ ಬರಕೊಂಡಳು. ‘ಮತ್ತ ನಿಮ್ಮ ಹೆಸರು, ಸರ್?’
ಅಷ್ಟೊತ್ತಿಗೆ ಹುಡುಗ ಮೈಕ್ ಇಸಕೊಂಡಿದ್ದ,
ಹಿತ್ತಲದಿಂದ ತಹರಿ ವಾಸನಿ ಬಂದಿತ್ತು,
ಖುರ್ಚಿ ಎಲ್ಲಾ ಒಮ್ಮೆಲೇ ಹಿಂದ ಸರದವು.